ತಪ್ಪು ಡಾಕ್ಟರದು, ಫೀಸು ರೋಗಿಯದು!

ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಇಂಥ ಕಥೆ ದಿನಕ್ಕೊಂದು ಕಿವಿಗೆ ಬೀಳುತ್ತದೆ. ಕೆಮ್ಮು, ಸಂಜೆಯಾದರೆ ಜ್ವರ. ಡಾಕ್ಟರು ಒಂದು ವೈಡಾಲ್ ಟೆಸ್ಟ್ ಮಾಡಿಸಿ 'ಟೈಫಾಯ್ಡ್' ಅಂದರು. ಫೀಸು, ಇಂಜೆಕ್ಷನ್, ಗ್ಲೂಕೋಸ್ ಬಾಟ್ಲಿ. ಜ್ವರ ಇಳೀಲಿಲ್ಲ. ಮತ್ತೆ ಬಸ್ ಚಾರ್ಜು, ಮತ್ತೆ ಫೀಸು, ಮತ್ತದೇ ಮಾತು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕಫ ಪರೀಕ್ಷೆ ಮಾಡಿಸಿದರೆ ಕ್ಷಯ! ಅಂಗಡಿ ಬಾಗಿಲು ಹಾಕಿದ ದಿನಗಳ ಲೆಕ್ಕ ಬೇರೆ.

ಒಂದೇ ವೈಡಾಲ್ ನಂಬಿ ತೀರ್ಮಾನಿಸಬಾರದೆಂಬುದು ವೈದ್ಯರಿಗೆ ಗೊತ್ತಿಲ್ಲದ್ದೇನಲ್ಲ. ಡಾಕ್ಟರೂ ಮನುಷ್ಯರೇ, ಪ್ರತಿ ತಪ್ಪೂ ನಿರ್ಲಕ್ಷ್ಯವಲ್ಲವೆಂದು ಕೋರ್ಟುಗಳೇ ಹೇಳಿವೆ. ಸರಿ. ಆದರೆ ಗ್ಯಾರೇಜಿನವನೂ ತಾನು ಮಾಡಿದ ರಿಪೇರಿ ಕೆಟ್ಟರೆ ಎರಡನೇ ಸಲ ಕೂಲಿ ಕೇಳೋಕೆ ನಾಚುತ್ತಾನೆ.

ದುಡ್ಡು ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪಿತ್ತಿದೆ. ನಿರ್ಲಕ್ಷ್ಯವಾಗಿದ್ದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ರಸೀದಿ ಎಲ್ಲಿ? ಫೀಸು ಮೇಜಿನ ಡ್ರಾಯರಿಗೆ ಹೋಗುತ್ತದೆ, ಚೀಟಿ ಮಾತ್ರ ಬರೋದಿಲ್ಲ. ಅಂಗಡಿಯವರನ್ನು 'ಬಿಲ್ ಎಲ್ಲಿ' ಎಂದು ಗದರಿಸುವ ಅಧಿಕಾರಿಗಳು ಕ್ಲಿನಿಕ್ಕುಗಳ ಮೆಟ್ಟಿಲನ್ನೂ ಒಮ್ಮೆ ಹತ್ತಲಿ.