ಹೊಗೆ ಪೈಪಿನೊಳಗಿನ ಮಗ್ಗ

ನಮ್ಮ ರಬಕವಿ-ಬನಹಟ್ಟಿ ಕಡೆಯವರಿಗೆ ಮಗ್ಗದ ಬಗ್ಗೆ ಹೇಳಬೇಕಿಲ್ಲ. ನೂಲು ಬಟ್ಟೆಯಾಗಿ ಹೋಗುತ್ತೆ, ಮಗ್ಗ ಅಲ್ಲೇ ಉಳಿಯುತ್ತೆ. ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಗೇ. ಜೇನುಗೂಡಿನಂಥ ಸೆರಾಮಿಕ್ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಅತಿಸಣ್ಣ ಕಣಗಳಿರುತ್ತವೆ. ಎಂಜಿನ್ನಿನಿಂದ ಬರೋ ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಲೋಹ ಮಾತ್ರ ಖರ್ಚಾಗಲ್ಲ.

ಹಾಗಾದ್ರೆ ಅದಕ್ಕೆ ಮುಪ್ಪು ಯಾಕೆ?

ಒಂದು, ಕಾವು. ಮಹಾಲಿಂಗಪುರದ ಬೆಲ್ಲ ಪುಡಿ ಮಾಡಿ ಬಿಸಿ ಜಾಗದಲ್ಲಿಡಿ, ಕೂಡಿಕೊಂಡು ಗಟ್ಟಿ ಹೆಂಟೆಯಾಗುತ್ತೆ. ತೂಕ ಅಷ್ಟೇ, ಆದ್ರೆ ಹೊರಮೈ ಕಮ್ಮಿ. 800-900 ಡಿಗ್ರಿ ದಾಟಿದ ಕಾವಿನಲ್ಲಿ ಲೋಹದ ಕಣಗಳಿಗೂ ಇದೇ ಗತಿ. ಪ್ಲಗ್ ಸರಿಯಾಗಿ ಕಿಡಿ ಕೊಡದಿದ್ರೆ ಉರಿಯದ ಪೆಟ್ರೋಲ್ ಕನ್ವರ್ಟರ್‌ಗೇ ಬಂದು ಉರಿಯುತ್ತೆ, ಆಗ ಸೆರಾಮಿಕ್ಕೇ ಕರಗಬಹುದು.

ಎರಡು, ವಿಷ. ಸೀಸ ಕನ್ವರ್ಟರ್‌ನ ದೊಡ್ಡ ವೈರಿ. ದೇಶದಲ್ಲೆಲ್ಲಾ ಸೀಸರಹಿತ ಪೆಟ್ರೋಲ್ ಬಂದಿದ್ದು 2000ದಲ್ಲಿ. ಇನ್ನೂ ಉಳಿದಿರೋ ವೈರಿ ಎಂಜಿನ್ ಆಯಿಲ್. ಎಂಜಿನ್ ಅದನ್ನ ಕುಡಿಯೋಕೆ ಶುರು ಮಾಡಿದ್ರೆ ಅದರಲ್ಲಿರೋ ರಂಜಕ, ಸತು ಲೋಹದ ಮೇಲೆ ಪೊರೆ ಕಟ್ಟುತ್ತವೆ.

ಹೊಸ ಕನ್ವರ್ಟರ್ ಸುಮಾರು 250-300 ಡಿಗ್ರಿ ಕಾದ ಮೇಲೆ ಕೆಲಸಕ್ಕಿಳಿಯುತ್ತೆ. ಮುಪ್ಪಾದದ್ದಕ್ಕೆ ಇನ್ನೂ ಹೆಚ್ಚು ಕಾವು ಬೇಕು. ಅಂದ್ರೆ ರಬಕವಿಯಿಂದ ಬನಹಟ್ಟಿ ಪೇಟೆಗೆ ಹೋಗೋ ಸಣ್ಣ ಓಡಾಟದಲ್ಲಿ, ಅದು ಎಚ್ಚರಾಗೋ ಹೊತ್ತಿಗೆ ನಾವು ಮುಟ್ಟಿರ್ತೀವಿ. ಅಷ್ಟೂ ಹೊಗೆ ಓಣಿಗೇ.

ಹೋದ ದೀಪಾವಳಿಗೆ ಅಪ್ಪನ ಹಳೇ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿತ್ತು. ಸ್ಕ್ಯಾನರ್ ಹಚ್ಚಿದ್ರೆ ಪಿ0420: ಕನ್ವರ್ಟರ್ ಸೋತಿದೆ ಅನ್ನೋ ಕೋಡ್. ಅದರ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತೆ. ಹಿಂದಿನದೂ ಮುಂದಿನದರ ಹಾಗೇ ಕುಣಿಯತೊಡಗಿದ್ರೆ, ನಡುವೆ ಕೆಲಸ ನಡೀತಿಲ್ಲ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ.

ಗ್ಯಾರೇಜಿನವರು, "ಹೊಸಾದು ಭಾಳ ತುಟ್ಟಿರಿ ಸರ, ಇದನ್ನ ತಗದು ಖಾಲಿ ಪೈಪ್ ಹಾಕ್ತೀನಿ, ಯಾರಿಗೂ ಗೊತ್ತಾಗೂದಿಲ್ಲ" ಅಂದ್ರು.

ಅಪ್ಪ ಅಂದಿದ್ದು ಇಷ್ಟೇ: "ಓಣ್ಯಾಗ ಹುಡುಗ್ರು ಆಡ್ತಿರ್ತಾವಪಾ. ಆ ಹೊಗಿ ಎಲ್ಲಿ ಹೋಗ್ತೈತಿ?"

ಮೊದಲು ಪ್ಲಗ್, ಕಾಯಿಲ್ ನೋಡಿಸಿದ್ವಿ, ಆಯಿಲ್ ಸುಡ್ತಿದೆಯಾ ಅಂತ ಪರೀಕ್ಷಿಸಿದ್ವಿ. ಕಾರಣ ಸರಿ ಮಾಡದೆ ಹೊಸದು ಹಾಕಿದ್ರೆ ಅದೂ ಬೇಗ ಸಾಯುತ್ತೆ. ಆಮೇಲೆ ಹೊಸದು ಹಾಕಿಸಿದ್ವಿ. ಖರ್ಚು ನೋವಾಯ್ತು, ನಿಜ.

ನಿಮ್ಮ ಗಾಡಿಯಲ್ಲೂ ಆ ಹಳದಿ ದೀಪ ಹತ್ತಿದ್ರೆ ತಿಂಗಳುಗಟ್ಟಲೆ ಬಿಡಬೇಡಿ. ಮಿನುಗ್ತಾ ಇದ್ರಂತೂ ಗಾಡಿ ಎಳೀಬೇಡಿ, ನಿಲ್ಲಿಸಿ ತೋರಿಸಿ. ಪ್ಲಗ್ ಬದಲಿಸೋ ದುಡ್ಡಿನಲ್ಲಿ ಕನ್ವರ್ಟರ್ ಉಳಿಯಬಹುದು.