ವಿಮಾಗಣಿತ: ಕಾಲೇಜು ಸಣ್ಣದಾದರೇನು?

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ಮುಂಬಯಿಯ ನಮ್ಮ ಮನೆಗಳಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ಸಿ.ಎ. ಎಂಬ ಹೆಸರುಗಳೇ ಕೇಳಿಬರುತ್ತವೆ. ಈಚೆಗೆ ಆಕ್ಚುರಿಯಲ್ ಸೈನ್ಸ್, ಅಂದರೆ ವಿಮಾಗಣಿತವೂ ಆ ಸಾಲಿಗೆ ಸೇರುತ್ತಿದೆ. ಸಾವು, ರೋಗ, ಅಪಘಾತಗಳ ಸಂಭವವನ್ನು ಲೆಕ್ಕಹಾಕಿ ವಿಮೆಯ ಕಂತನ್ನೂ ಪಿಂಚಣಿ ನಿಧಿಯ ಹೊಣೆಯನ್ನೂ ಅಳೆಯುವ ಶಾಸ್ತ್ರವಿದು. ಮನೆಯ ಬಳಿಯ ಸಣ್ಣ ಕಾಲೇಜು ಇದಕ್ಕೆ ಸಾಲದೆಂದು ಭಾವಿಸಿ, ದುಬಾರಿ ಶುಲ್ಕಕ್ಕಾಗಿ ಸಾಲ ಮಾಡಲು ಹೊರಡುವ ಪಾಲಕರಿದ್ದಾರೆ.

ಇಲ್ಲಿ ನಾವು ಒಂದು ಅಂಶವನ್ನು ಮರೆಯಬಾರದು. ಭಾರತದಲ್ಲಿ ಕೇವಲ ಪದವಿಯಿಂದ ಯಾರೂ ಆಕ್ಚುರಿ ಆಗುವುದಿಲ್ಲ. 2006ರ ಕಾಯ್ದೆಯನ್ವಯ ರೂಪುಗೊಂಡ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾದ ಪರೀಕ್ಷೆಗಳನ್ನು ದಾಟಬೇಕು. ಹನ್ನೆರಡನೆಯ ತರಗತಿ ಮುಗಿಸಿದವರು ಅದರ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅಲ್ಲಿ ಸಣ್ಣ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ಕಾಲೇಜಿನವನಿಗೂ ಪ್ರಶ್ನೆಪತ್ರಿಕೆ ಒಂದೇ.

ಆದರೆ ಹಾದಿ ದೀರ್ಘವಾದುದು. ಪೂರ್ಣ ಅರ್ಹತೆಗೆ ಹಲವು ವರ್ಷಗಳು ಹಿಡಿಯುತ್ತವೆ. ನಡುವೆ ಕೈಬಿಡುವವರೂ ಉಂಟು. ಸಣ್ಣ ಕಾಲೇಜಿನ ನಿಜವಾದ ಕೊರತೆ ಹೆಸರಿನದಲ್ಲ, ಜೊತೆಗೆ ಓದುವವರದು ಮತ್ತು ದಾರಿ ತೋರುವವರದು. ಆದ್ದರಿಂದ ಮೊದಲು ಪ್ರವೇಶ ಪರೀಕ್ಷೆ ಬರೆದು ಮಗುವಿನ ಒಲವನ್ನು ಅರಿಯೋಣ. ಪರೀಕ್ಷೆಗಳು ಅರ್ಧಕ್ಕೆ ನಿಂತರೂ ಅನ್ನ ಕೊಡಬಲ್ಲ ಸಂಖ್ಯಾಶಾಸ್ತ್ರ, ಗಣಿತ ಅಥವಾ ವಾಣಿಜ್ಯದ ಪದವಿಯನ್ನು ಆರಿಸೋಣ. ವಿಮಾ ಕಚೇರಿಗಳಲ್ಲಿ ದುಡಿದ ನಮ್ಮ ಹಿರಿಯರು ಇಂಥ ಮಕ್ಕಳಿಗೆ ವಾರಕ್ಕೊಂದು ಗಂಟೆ ಕೊಟ್ಟರೆ ಆ ಕೊರತೆಯೂ ತಕ್ಕಮಟ್ಟಿಗೆ ನೀಗೀತು.