ಗ್ರಾಫಿಕ್ಸ್ ಕಾರ್ಡೂ ಪ್ರಾಕ್ಸಿ ಹಾಜರಿಯೂ



ಗಣಕಯಂತ್ರದ ಆಟಗಳ ಬಗ್ಗೆ ನಿವೃತ್ತ ಗಣಿತದ ಮೇಷ್ಟ್ರು ಬರೆಯುವುದೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸುವುದು ಖಂಡಿತ. ಏರಿಸಿ, ಅಡ್ಡಿಯಿಲ್ಲ. ಕಳೆದ ಕೆಲವು ತಿಂಗಳುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲೇ ಮೂವರು ಒಂದೇ ಪ್ರಶ್ನೆಯನ್ನು ನನ್ನ ಮುಂದಿಟ್ಟಿದ್ದಾರೆ: "ಸಾರ್, ಮಗ ಗೇಮಿಂಗ್ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಕೇಳುತ್ತಿದ್ದಾನೆ. ಹಳೆಯದು ಕೆಲಸ ಮಾಡುತ್ತಲೇ ಇದೆ. ಕೊಡಿಸಬೇಕೇ?" ಒಬ್ಬರಂತೂ ಕಂತಿನ ಸಾಲದ ಕಾಗದಕ್ಕೆ ಸಹಿ ಹಾಕುವ ಹಂತದಲ್ಲಿದ್ದರು. ನನ್ನ ಉತ್ತರ ನೇರವಾಗಿದೆ: ಹಳೆಯ ಕಾರ್ಡು ಎಲ್ಲಿ ಸೋತಿದೆ ಎಂದು ಮನೆಯಲ್ಲೇ ಅಳೆದು ತೋರಿಸುವ ತನಕ ಬೇಡವೇ ಬೇಡ.

ಮೊದಲು ನನ್ನ ವಾರಿಗೆಯವರೊಡನೆ ಜಗಳ ಮುಗಿಸಿಬಿಡುತ್ತೇನೆ. "ಆಟಕ್ಕೆ ಮೂವತ್ತು ಸಾವಿರವೇ? ಶುದ್ಧ ದಂಡ!" ಎನ್ನುತ್ತಾರೆ ಅವರು. ಎರಡು ವರ್ಷಕ್ಕೊಮ್ಮೆ ಫೋನು ಬದಲಿಸುವಾಗ ಯಾರ ಬಾಯಿಂದಲೂ ಈ ಮಾತು ಬರುವುದಿಲ್ಲ. ಮದುವೆಯೊಂದರಲ್ಲಿ ಉಟ್ಟು ಬೀರು ಸೇರಿದ ರೇಷ್ಮೆ ಸೀರೆಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಹುಡುಗರ ಆಟವೆಂದೊಡನೆ ಮಾತ್ರ ನೀತಿಪಾಠ ಆರಂಭವಾಗುತ್ತದೆ. ಇದು ನ್ಯಾಯವಲ್ಲ. ಹುಡುಗನ ಸಂತೋಷಕ್ಕೂ ಬೆಲೆಯಿದೆ. ಆ ಸಂತೋಷ ಎಳ್ಳಷ್ಟೂ ಹೆಚ್ಚದೆ ಹಣ ಮಾತ್ರ ಕರಗುವ ವ್ಯವಹಾರದ ಮೇಲೆ ನನ್ನ ತಕರಾರು.

ತಿಳಿಯದವರಿಗೆ ಎರಡು ಮಾತು. ಆಟದ ದೃಶ್ಯವನ್ನು ಸೆಕೆಂಡಿಗೆ ಹತ್ತಾರು ಬಾರಿ ಬರೆದು ಪರದೆಗೆ ಕಳಿಸುವುದು ಈ ಕಾರ್ಡಿನ ಕೆಲಸ. ಹಾಗೆ ಬರೆದ ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ ಫ್ರೇಮುಗಳು ಹೆಚ್ಚಿದಷ್ಟೂ ಚಲನೆ ನಯವಾಗುತ್ತದೆ.

ಕಂತಿನ ಕಾಗದದವರ ಮನೆಯಲ್ಲಿರುವುದು ಎನ್ವಿಡಿಯಾ ಕಂಪನಿಯು 2021ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಆರ್‌ಟಿಎಕ್ಸ್ 3060. ಅಂಗಡಿಯಾತ ಹೊಗಳಿದ್ದು 2025ರ ಮೇ ತಿಂಗಳಲ್ಲಿ ಬಂದ ಆರ್‌ಟಿಎಕ್ಸ್ 5060 ಅನ್ನು. ಮೂರಕ್ಕಿಂತ ಐದು ದೊಡ್ಡದು, ಒಪ್ಪಿದೆ. ಆದರೆ ಹಳೆಯದರಲ್ಲಿ 12 ಜಿಬಿ ಮೆಮೊರಿಯಿದೆ, ಹೊಸದರಲ್ಲಿ 8. ಹೊಸದು ವೇಗಶಾಲಿ ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಕೈಚುರುಕಿನ ಅಡುಗೆಭಟ್ಟನಿಗೆ ಕಿರಿದಾದ ಕಟ್ಟೆ ಕೊಟ್ಟಂತೆ. ಆಟ ದೊಡ್ಡದಾಗಿ ಸಾಮಾನು ಕಟ್ಟೆ ಮೀರಿದಾಗ ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ಒಂದೊಂದನ್ನೇ ಹೊತ್ತು ತರಬೇಕು. ಹೊತ್ತು ತರುವ ದಾರಿಯೂ ಕಿರಿದು: ಹಳೆಯ ಕಾರ್ಡಿಗೆ 16 ಓಣಿಗಳಿದ್ದರೆ ಹೊಸದಕ್ಕೆ 8 ಮಾತ್ರ. ಮದರ್‌ಬೋರ್ಡು ಹಳೆಯದಾದರೆ ಆ ಎಂಟೂ ನಿಧಾನದ ಓಣಿಗಳೇ. ಆಗ ಆಟ ಮುಗ್ಗರಿಸುತ್ತದೆ.

ಹೆಸರಿನ ಅಂಕಿ ನಂಬಲು ತಕ್ಕದ್ದಲ್ಲ ಎಂಬುದಕ್ಕೆ ಕಂಪನಿಯೇ ಸಾಕ್ಷಿ. 2022ರ ಸೆಪ್ಟೆಂಬರಿನಲ್ಲಿ ಅದು "ಆರ್‌ಟಿಎಕ್ಸ್ 4080" ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳನ್ನು ಘೋಷಿಸಿತು, 16 ಜಿಬಿಯದೊಂದು, 12 ಜಿಬಿಯದೊಂದು. ಎರಡರೊಳಗಿನ ಚಿಪ್ಪುಗಳೇ ಬೇರೆ. ಟೀಕೆಯ ಮಳೆ ಸುರಿದಾಗ, ಅಕ್ಟೋಬರಿನಲ್ಲಿ, ಚಿಕ್ಕದನ್ನು ಮಾರಾಟಕ್ಕೆ ಮುಂಚೆಯೇ ಹಿಂದೆಗೆದುಕೊಂಡಿತು. 2023ರ ಜನವರಿಯಲ್ಲಿ ಅದೇ ಕಾರ್ಡು 4070 ಟಿಐ ಎಂಬ ಹೆಸರಿನಲ್ಲಿ, 899ರ ಬದಲು 799 ಡಾಲರಿಗೆ ಮಾರುಕಟ್ಟೆಗೆ ಬಂದಿತು. ನಾಮಕರಣವನ್ನೇ ತಿರುಗಿ ಮಾಡಿದ ಮೇಲೆ ಹೆಸರಿನಿಂದ ಗುಣ ಅಳೆಯುವುದು ಹೇಗೆ?

ಇನ್ನು ಪ್ರಾಕ್ಸಿ ಹಾಜರಿಯ ವಿಷಯ. ತರಗತಿಯಲ್ಲಿ ಒಬ್ಬನೇ ಕುಳಿತು ನಾಲ್ವರ ಹೆಸರಿಗೂ ದನಿ ಬದಲಿಸಿ "ಯೆಸ್ ಸಾರ್" ಎನ್ನುವ ಕಲೆ ಕಾಲೇಜು ಮೆಟ್ಟಿಲು ಹತ್ತಿದ ನಿಮಗೆ ಹೊಸತಲ್ಲ. 2025ರ ಜನವರಿಯಲ್ಲಿ, ಲಾಸ್ ವೇಗಸ್‌ನ ಸಿಇಎಸ್ ಪ್ರದರ್ಶನದ ವೇದಿಕೆಯಿಂದ, ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರು 549 ಡಾಲರಿನ 5070 ಕಾರ್ಡು 1,599 ಡಾಲರಿನ 4090ರ ಸಾಮರ್ಥ್ಯ ಕೊಡುತ್ತದೆಂದು ಸಾರಿದರು. ಆ ಮಾತಿನ ಗುಟ್ಟು ಇಷ್ಟೆ: ಕಾರ್ಡು ನಿಜವಾಗಿ ಬರೆದ ಎರಡು ಫ್ರೇಮುಗಳ ನಡುವೆ, ಕೃತಕ ಬುದ್ಧಿಮತ್ತೆಯು ಮೂರರವರೆಗೆ ಊಹೆಯ ಫ್ರೇಮುಗಳನ್ನು ತುಂಬುತ್ತದೆ. ಒಬ್ಬ ಹಾಜರು, ಪುಸ್ತಕದಲ್ಲಿ ನಾಲ್ವರು! ನೋಡುವ ಕಣ್ಣಿಗೆ ಚಲನೆ ನಯವಾಗುವುದು ಸುಳ್ಳಲ್ಲ. ಆದರೆ ಆಡುವವನ ಕೈಯ ಒತ್ತುಗುಂಡಿಗೆ ಯಂತ್ರ ಓಗೊಡುವುದು ನಿಜವಾದ ಫ್ರೇಮುಗಳಲ್ಲಿ ಮಾತ್ರ. 30 ಫ್ರೇಮುಗಳು ಪರದೆಯ ಮೇಲೆ 120 ಆಗಿ ಕಂಡರೂ ಕೈಗೆ ಸಿಗುವುದು 30ರ ಮಂದಗತಿಯೇ. ಮುಂದಿನ ನಿಜವಾದ ಫ್ರೇಮ್ ಬರುವವರೆಗೆ ಕಾಯಬೇಕಾದ್ದರಿಂದ ತುಸು ಹೆಚ್ಚಿನ ವಿಳಂಬವೂ ಸೇರುತ್ತದೆ. 5060 ಬಿಡುಗಡೆಯಾದಾಗ ಬಹುತೇಕ ಸ್ವತಂತ್ರ ವಿಮರ್ಶಕರಿಗೆ ಅದನ್ನು ಪರೀಕ್ಷಿಸಲು ಬೇಕಾದ ಡ್ರೈವರ್ ತಂತ್ರಾಂಶ ಮುಂಚಿತವಾಗಿ ಸಿಗಲಿಲ್ಲ. ಪರೀಕ್ಷೆಗೆ ಮೊದಲೇ ಫಲಿತಾಂಶ ಪ್ರಕಟಿಸುವವರನ್ನು ನಾವು ಏನೆಂದು ಕರೆಯುತ್ತಿದ್ದೆವು?

ಇಲ್ಲೊಂದು ಸುಲಭದ ಭಾಗಾಕಾರ ಮಾಡಿ ನೋಡಿ. ಒಂದು ಸೆಕೆಂಡೆಂದರೆ 1000 ಮಿಲಿಸೆಕೆಂಡ್. 30 ಫ್ರೇಮುಗಳಾದರೆ ಒಂದೊಂದಕ್ಕೆ 33.3 ಮಿಲಿಸೆಕೆಂಡ್. 60 ಆದರೆ 16.7, 120 ಆದರೆ 8.3, 240 ಆದರೆ 4.2. ಮೊದಲ ದುಪ್ಪಟ್ಟಿನಲ್ಲಿ ಉಳಿದದ್ದು ಹದಿನಾರೂವರೆ ಮಿಲಿಸೆಕೆಂಡಿಗೂ ಹೆಚ್ಚು, ಕೊನೆಯದರಲ್ಲಿ ಬರೀ ನಾಲ್ಕು ಚಿಲ್ಲರೆ. ಪ್ರತಿ ಸಲ ದುಪ್ಪಟ್ಟಾದಾಗಲೂ ಲಾಭ ಅರ್ಧಕ್ಕಿಳಿಯುತ್ತದೆ, ಬೆಲೆ ಮಾತ್ರ ಇಳಿಯುವುದಿಲ್ಲ. ಜೊತೆಗೆ, 60 ಹರ್ಟ್ಜ್‌ನ ಮಾನಿಟರು ಸೆಕೆಂಡಿಗೆ 60ಕ್ಕಿಂತ ಹೆಚ್ಚು ಪೂರ್ಣ ಚಿತ್ರಗಳನ್ನು ತೋರಿಸಲಾರದು. ಅಳತೆಯ ಪಾವು ಚಿಕ್ಕದಿರುವಾಗ ಮೇಲೆ ಸುರಿದ ಅಕ್ಕಿಯೆಲ್ಲ ನೆಲಕ್ಕೇ ಸರಿ.

"ಕರೆಂಟು ಉಳಿಯುತ್ತದೆ" ಎಂಬ ವಾದವೂ ಉಂಟು. 3060ಕ್ಕೆ 170 ವ್ಯಾಟ್, 5060ಕ್ಕೆ 145. ದಿನಕ್ಕೆ ಮೂರು ಗಂಟೆ ಆಡಿದರೂ ವರ್ಷಕ್ಕೆ ಉಳಿಯುವುದು 27 ಯೂನಿಟ್ಟು. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಇನ್ನೂರು ರೂಪಾಯಿ ದಾಟದು. ಮೂವತ್ತು ಸಾವಿರ ಹಿಂದಕ್ಕೆ ಬರಲು ನೂರೈವತ್ತು ವರ್ಷ ಬೇಕು.

ಹಾಗಾದರೆ ಅಳೆಯುವುದು ಹೇಗೆ? ಆಟದಲ್ಲಿ ಫ್ರೇಮುಗಳ ಸಂಖ್ಯೆ ತೋರಿಸುವ ವ್ಯವಸ್ಥೆಯಿರುತ್ತದೆ. ಅದನ್ನು ತೆರೆದಿಟ್ಟು ಚಿತ್ರದ ಗಾತ್ರವನ್ನು 1920-1080ರಿಂದ 1280-720ಕ್ಕೆ ಇಳಿಸಿ. ಸಂಖ್ಯೆ ಚೆನ್ನಾಗಿ ಏರಿದರೆ ಕಾರ್ಡೇ ದಣಿದಿದೆ ಎಂದರ್ಥ. ಏರದಿದ್ದರೆ ಹೆಚ್ಚಿನಂಶ ದಣಿದಿರುವುದು ಪ್ರೊಸೆಸರು, ಕಾರ್ಡು ನಿರಪರಾಧಿ. ಪೆಟ್ಟಿಗೆ ಬಿಚ್ಚಿ ಧೂಳು ತೆಗೆಯಿರಿ, ಏಕೆಂದರೆ ಕಾದ ಕಾರ್ಡು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಒಂದೇ ರ‍್ಯಾಮ್ ಪಟ್ಟಿಯಿದ್ದಲ್ಲಿ ಅದರ ಜೊತೆಗೆ ಇನ್ನೊಂದನ್ನು ಸೇರಿಸಿದರೂ ಎಷ್ಟೋ ಸಲ ಚೇತರಿಕೆ ಕಾಣುತ್ತದೆ. ಕಂತಿನ ಕಾಗದದವರ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿ ಮಾಡಿಸಿದೆ. ಗಾತ್ರ ಇಳಿಸಿದರೂ ಸಂಖ್ಯೆ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಸಾಲ ಮಾಡಿ ತಂದಿದ್ದರೆ ಹೊಸ ಕಾರ್ಡೂ ಅಲ್ಲೇ ನಿಲ್ಲುತ್ತಿತ್ತು, ಕಂತು ಮಾತ್ರ ಓಡುತ್ತಿತ್ತು.

"ಮೆಮೊರಿ ಚಿಪ್ಪಿನ ಬೆಲೆ ಏರಿದೆ, ಈಗಲೇ ಕೊಳ್ಳಿ" ಎಂದು ಅವಸರಪಡಿಸುವವರೂ ಇದ್ದಾರೆ. ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಬೆಲೆ ಏರಿದ್ದು ನಿಜವೇ. ಆದರೆ ಬೆಲೆ ಏರಿದ ಮಾತ್ರಕ್ಕೆ ಅಗತ್ಯ ಹುಟ್ಟುವುದಿಲ್ಲ. ಮನೆಯಲ್ಲಿರುವ 12 ಜಿಬಿಯ ಹಳೆಯ ಕಾರ್ಡಿನ ಮೌಲ್ಯವೇ ಹೆಚ್ಚಿತೆಂದು ಸಮಾಧಾನಪಡಲು ಅದೊಂದು ಕಾರಣ.

ಕೊಳ್ಳಲೇಬೇಕಾದ ಸಂದರ್ಭಗಳಿಲ್ಲವೇ? ಇವೆ. 2016ರಲ್ಲಿ ಬಂದ ಜಿಟಿಎಕ್ಸ್ 1060 ಇಟ್ಟುಕೊಂಡವನ ಮಾತು ಬೇರೆ. ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ ಯಂತ್ರಾಂಶ ಅದರಲ್ಲಿಲ್ಲ. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಆಟ, 2025ರ ಡೂಮ್ ಆಟ, ಇವು ಆ ಯಂತ್ರಾಂಶವನ್ನು ಕಡ್ಡಾಯವಾಗಿ ಬೇಡುತ್ತವೆ. ಅಂಥ ಆಟ ಆಡುವ ಆಸೆಯಿದ್ದು ಕೈಯಲ್ಲಿ ಕಾಸಿದ್ದರೆ ಸಂತೋಷವಾಗಿ ಕೊಳ್ಳಲಿ. ಬ್ಲೆಂಡರಿನಂಥ ತಂತ್ರಾಂಶದಲ್ಲಿ ಅನಿಮೇಷನ್ ಮಾಡಿ ಸಂಪಾದಿಸುವ ಹುಡುಗಿಗೆ ಕಾರ್ಡು ಬಡಗಿಯ ಉಳಿಯಿದ್ದಂತೆ, ಅವಳನ್ನು ತಡೆಯುವುದು ತಪ್ಪು.

ಆದ್ದರಿಂದ ತಂದೆತಾಯಿಗಳಲ್ಲಿ ನನ್ನದೊಂದು ಸೂಚನೆ. ಬೇಕೆಂದವನ ಕೈಗೆ ಕಾಗದ ಕೊಡಿ. "ಈಗಿನ ಕಾರ್ಡಿನಲ್ಲಿ ಯಾವ ಆಟ, ಎಷ್ಟು ಫ್ರೇಮಿಗೆ ನಿಲ್ಲುತ್ತಿದೆ? ಅದು ಕಾರ್ಡಿನಿಂದಲೇ ಎಂದು ಹೇಗೆ ತಿಳಿಯಿತು?" ಎಂಬೆರಡು ಪ್ರಶ್ನೆಗಳಿಗೆ ಅಂಕಿಗಳೊಡನೆ ಉತ್ತರ ಬರೆಯಲಿ. ಬರೆದನೋ, ಚೌಕಾಸಿ ಮಾಡದೆ ಕೊಡಿಸಿ, ಅವನು ಗೆದ್ದಿದ್ದಾನೆ. ಬರೆಯಲಾರದೆ ಜಾಹೀರಾತಿನ ಸಾಲುಗಳನ್ನೇ ಒಪ್ಪಿಸಿದರೆ, ಬೇಕಾಗಿರುವುದು ಅವನಿಗಲ್ಲ, ಮಾರುವವನಿಗೆ ಎಂದು ತಿಳಿಯಿರಿ.

ಒಪ್ಪದವರು ಧಾರಾಳವಾಗಿ ವಾದಿಸಬಹುದು. ಷರತ್ತು ಒಂದೇ, ಹಂತಗಳನ್ನು ಬಿಡದೆ ಲೆಕ್ಕ ತೋರಿಸಬೇಕು. ಬರೀ ಉತ್ತರಕ್ಕೆ ನಾನು ಅಂದೂ ಅಂಕ ಕೊಟ್ಟವನಲ್ಲ.